ಯಾವ ಜಾಗಕ್ಕೆ ಯಾವ ಕಂಡೆನ್ಸರ್?

(ಕೋಲಾರದಲ್ಲಿ ರಿಪೇರಿ ಅಂಗಡಿಯವರಿಗೂ ಐಟಿಐ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಕಂಡೆನ್ಸರ್, ಅಂದರೆ ಕರೆಂಟನ್ನು ತುಂಬಿಟ್ಟುಕೊಂಡು ಬಿಡುವ ಕೆಪಾಸಿಟರ್, ಇಟ್ಟಿದ್ದೇನೆ. ಎರಡರ ಮೇಲೂ 1000 ಮೈಕ್ರೊಫ್ಯಾರಡ್, 16 ವೋಲ್ಟ್ ಅಂತಲೇ ಬರೆದಿದೆ. ಎರಡೂ ಅಸಲಿ ಮಾಲೇ. ಆದರೆ ಒಂದರ ಬೆಲೆ ಇನ್ನೊಂದಕ್ಕಿಂತ ಬಹಳ ಜಾಸ್ತಿ. ಅಂಗಡಿಗೆ ಹೋಗಿ ‘ಸಾವಿರ, ಹದಿನಾರು ಕೊಡಿ’ ಅಂದರೆ ಅಗ್ಗದ್ದೇ ಕೈಗೆ ಬರುತ್ತದೆ. ಅದನ್ನು ಟಿವಿಯ ಪವರ್ ಬೋರ್ಡಿಗೆ ಹಾಕಿದರೆ ಟಿವಿ ಆನ್ ಆಗುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾರೆ. ಕೆಲವು ತಿಂಗಳಿಗೆ ಅದೇ ಟಿವಿ, ಅದೇ ಕಂಪ್ಲೇಂಟು. ನಮ್ಮ ಕಡೆ ‘ಒಂದು ಸಲ ಬಿಚ್ಚಿದ ಟಿವಿ ನಿಲ್ಲೋದಿಲ್ಲ’ ಅಂತ ಒಂದು ಮಾತು ಹುಟ್ಟಿಕೊಂಡಿದೆಯಲ್ಲ, ಅದರಲ್ಲಿ ಅರ್ಧ ಪಾಲು ಈ ಅಗ್ಗದ ಕಂಡೆನ್ಸರಿನದು ಅಂತ ನನ್ನ ಅನಿಸಿಕೆ.

ಹಾಗಾಗಿ ಮೈ ಮೇಲಿನ ಎರಡು ಅಂಕಿ ಓದಿ ಸುಮ್ನೆ ತಂದು ಹಾಕಬೇಡಿ. ಬೋರ್ಡಿನಲ್ಲಿ ಅದು ಎಲ್ಲಿ ಕೂತಿತ್ತು, ಅಲ್ಲಿ ಅದರ ಕೆಲಸ ಏನಿತ್ತು ಅಂತ ಮೊದಲು ನೋಡಿ. ಇದೊಂದು ಎಲ್‌ಇಡಿ ಟಿವಿಯ ಪವರ್ ಬೋರ್ಡ್. ಪ್ಲಗ್ಗಿನಿಂದ ಕರೆಂಟು ಒಳಗೆ ಬರುವ ದಾರಿಯಲ್ಲೇ ನಾವೂ ಹೋಗೋಣ.

ಫ್ಯೂಸ್ ದಾಟಿದ ಕೂಡಲೇ ಹಳದಿ ಬಣ್ಣದ ಚೌಕ ಡಬ್ಬಿ ಕಾಣುತ್ತದೆ. ಮೇಲೆ ‘ಎಕ್ಸ್2’ ಅಂತಲೂ 275 ಅಥವಾ 310 ವೋಲ್ಟ್ ಎಸಿ ಅಂತಲೂ ಇರುತ್ತದೆ. ಇದು ಫೇಸ್ ಮತ್ತು ನ್ಯೂಟ್ರಲ್ ನಡುವೆ ನೇರವಾಗಿ ಕೂತಿದೆ. ಸಿಡಿಲಿನ ಹೊಡೆತ, ಪಕ್ಕದ ಮೋಟಾರು ಆಫ್ ಆದಾಗಿನ ಜಿಗಿತ, ಎಲ್ಲವೂ ಮೊದಲು ತಟ್ಟುವ ಭಾಗಗಳಲ್ಲಿ ಇದೂ ಒಂದು. ಎಕ್ಸ್2 ಗುರುತು ಬೀಳಬೇಕಾದರೆ 2500 ವೋಲ್ಟಿನ ಪಲ್ಸ್ ಪರೀಕ್ಷೆ ಪಾಸಾಗಿರಬೇಕು, ಕೆಟ್ಟರೂ ಬೆಂಕಿ ಹತ್ತಬಾರದು. ಡಬ್ಬದಲ್ಲಿ 400 ವೋಲ್ಟ್ ಡಿಸಿಯದೊಂದು ಬಿದ್ದಿದೆ, ಮೈಕ್ರೊಫ್ಯಾರಡ್ ಸರಿಹೋಗುತ್ತದೆ, ಹಾಕೋಣ ಅಂದರೆ ಆಗದು. ಇಲ್ಲಿ ಎಕ್ಸ್2 ತೆಗೆದರೆ ಎಕ್ಸ್2 ಅಥವಾ ಎಕ್ಸ್1, ಬೇರೆ ಏನೂ ಅಲ್ಲ.

ಇದೇ ಹಳದಿ ಡಬ್ಬಿಯನ್ನು ಇನ್ನೊಂದು ಕಡೆಯೂ ನೋಡಿರುತ್ತೀರಿ. ನೀರಿನ ಟ್ಯಾಂಕಿನ ಲೆವೆಲ್ ಕಂಟ್ರೋಲರ್, ಸೊಳ್ಳೆ ಬ್ಯಾಟಿನ ಚಾರ್ಜರ್, ಅಗ್ಗದ ಎಲ್‌ಇಡಿ ದೀಪ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಈ ಕಂಡೆನ್ಸರೇ ಮೇನ್ಸಿನ ಜೊತೆ ಸೀರೀಸಿನಲ್ಲಿ ಕೂತು ಕರೆಂಟನ್ನು ಹಿಡಿದು, ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಲೆಕ್ಕ ಸುಲಭ: 230 ವೋಲ್ಟ್, 50 ಹರ್ಟ್ಸ್‌ಗೆ 1 ಮೈಕ್ರೊಫ್ಯಾರಡ್ ಸುಮಾರು 72 ಮಿಲಿಆಂಪಿಯರ್ ಬಿಡುತ್ತದೆ. ಒಂದೊಂದು ಜಿಗಿತ ಬಂದಾಗಲೂ ಒಳಗಿನ ಲೋಹದ ಪದರ ಚೂರು ಚೂರು ಸುಟ್ಟು ಹೋಗುತ್ತದೆ. ಶಾರ್ಟ್ ಆಗುವುದಿಲ್ಲ, ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಮೈಕ್ರೊಫ್ಯಾರಡ್ ಇಳಿಯುತ್ತಾ ಬರುತ್ತದೆ. ರಿಲೇ ಹಿಡಿದು ನಿಲ್ಲದೆ ಟಕ ಟಕ ಅನ್ನುವ ಕಂಟ್ರೋಲರ್ ಬಂದರೆ ರಿಲೇ ಬದಲಾಯಿಸುವ ಮೊದಲು ಈ ಡಬ್ಬಿ ಬಿಚ್ಚಿ ಅಳೆಯಿರಿ. ಮೇಲೆ 0.68 ಅಂತ ಬರೆದದ್ದು ಅಳತೆಯಲ್ಲಿ 0.3 ತೋರಿಸಿದರೆ ಆಶ್ಚರ್ಯ ಬೇಡ. ಬದಲಿ ತರುವಾಗ ಒಂದು ವಿಷಯ ನೆನಪಿಡಿ. ಫೇಸ್–ನ್ಯೂಟ್ರಲ್ ನಡುವೆ ಕೂರಲು ಮಾಡಿದ ಮಾಮೂಲಿ ಎಕ್ಸ್2 ಈ ಸೀರೀಸ್ ಕೆಲಸದಲ್ಲಿ ಬೇಗ ಸೊರಗುತ್ತದೆ ಅಂತ ತಯಾರಕರೇ ಹೇಳುತ್ತಾರೆ. ಸೀರೀಸ್ ಬಳಕೆಗೆಂದೇ ಮಾಡಿದ ಬಗೆಗಳಿವೆ, ಡೇಟಾಶೀಟಿನಲ್ಲಿ ಬರೆದಿರುತ್ತದೆ.

ಮುಂದೆ ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಬ್ರಿಡ್ಜ್, ಅದರ ಪಕ್ಕ ಬೋರ್ಡಿನಲ್ಲೇ ದಪ್ಪನೆಯ ಕಂಡೆನ್ಸರ್. ಮುಟ್ಟುವ ಮೊದಲು ಖಾಲಿ ಮಾಡಿ. 100 ಮೈಕ್ರೊಫ್ಯಾರಡ್ 325 ವೋಲ್ಟಿನಲ್ಲಿ 5 ಜೂಲಿಗಿಂತ ಜಾಸ್ತಿ ಇಟ್ಟುಕೊಂಡಿರುತ್ತದೆ. ಸ್ಕ್ರೂಡ್ರೈವರ್ ಇಟ್ಟು ‘ಪಟ್’ ಅನ್ನಿಸುವ ಅಭ್ಯಾಸ ಬಿಡಿ. ಟ್ರ್ಯಾಕ್ ಕಿತ್ತು ಬರುತ್ತದೆ, ಕಂಡೆನ್ಸರಿಗೂ ಒಳ್ಳೆಯದಲ್ಲ. 2 ಕಿಲೊ ಓಮ್, 10 ವಾಟ್ ರೆಸಿಸ್ಟರಿಗೆ ಎರಡು ವೈರು, ಎರಡು ಪ್ರೋಬು ಸೇರಿಸಿ ಇಟ್ಟುಕೊಳ್ಳಿ. ಐದು ಸೆಕೆಂಡ್ ಹಿಡಿಯಿರಿ, ಆಮೇಲೆ ಮೀಟರಿನಲ್ಲಿ ನೋಡಿ.

ಇಲ್ಲಿ ಮುಖ್ಯ ಪ್ರಶ್ನೆ ವೋಲ್ಟೇಜು. 230 ವೋಲ್ಟ್ ಎಸಿಯ ತುದಿ 325 ವೋಲ್ಟ್. ಅದಕ್ಕೇ ಕಂಪನಿಯವರು 400 ವೋಲ್ಟಿನದು ಹಾಕುತ್ತಾರೆ. ಆದರೆ ನಮ್ಮ ಹಳ್ಳಿಗಳ ಕಥೆ ನಿಮಗೆ ಗೊತ್ತು. ಪಂಪ್‌ಸೆಟ್ಟುಗಳು ಓಡುವಾಗ ಬಲ್ಬು ಕೆಂಪಗೆ, ಎಲ್ಲಾ ಒಟ್ಟಿಗೆ ನಿಂತ ಮೇಲೆ ಕಣ್ಣು ಕುಕ್ಕುವ ಹಾಗೆ. 280ಕ್ಕೆ ಏರಿತು ಅಂತ ಇಟ್ಟುಕೊಳ್ಳಿ, ತುದಿ 396 ಆಯಿತು. 400ರ ಕಂಡೆನ್ಸರಿಗೆ ಉಳಿದದ್ದು 4 ವೋಲ್ಟ್. ಊರ ಹೊರಗಿನ ತೋಟದ ಮನೆಯಿಂದ ಬಂದ ಬೋರ್ಡಿಗೆ ನಾನು 450 ವೋಲ್ಟಿನದನ್ನೇ ಹಾಕುತ್ತೇನೆ. ದೊಡ್ಡ ಟಿವಿಗಳಲ್ಲಿ ಪಿಎಫ್‌ಸಿ ಅನ್ನುವ, ಮೇನ್ಸಿನಿಂದ ಕರೆಂಟನ್ನು ಸಮನಾಗಿ ಎಳೆದು ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇದ್ದು, ಅಲ್ಲಿ ಮಾಮೂಲಿಯಾಗೇ 380–400 ವೋಲ್ಟ್ ನಿಂತಿರುತ್ತದೆ. ಅಲ್ಲಿ 450 ತೆಗೆದು 400 ಹಾಕುವ ಮಾತೇ ಇಲ್ಲ.

ಕೋಲಾರದಲ್ಲಿ ನಿಂತು ಕರೆಂಟಿನ ಬಗ್ಗೆ ಹೀಗೆ ದೂರುವಾಗ ಸ್ವಲ್ಪ ನಗು ಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕೆಜಿಎಫ್ ಗಣಿಗೆ ಕರೆಂಟು ತಂದರು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬೆಂಗಳೂರಿನವರು ಬುಡ್ಡಿ ದೀಪದಲ್ಲಿ ಇದ್ದಾಗಲೇ ನಮ್ಮ ಜಿಲ್ಲೆಯಲ್ಲಿ ಮೋಟಾರು ತಿರುಗುತ್ತಿತ್ತು. ಇರಲಿ, ಬೋರ್ಡಿಗೆ ವಾಪಸ್ ಬರೋಣ.

ಅಲ್ಲಿ ಹಿಂದೆ ಕೂತವರೊಬ್ಬರು ಕೇಳುತ್ತಿದ್ದಾರೆ: ಮೈಕ್ರೊಫ್ಯಾರಡ್ ಕೂಡ ಜಾಸ್ತಿ ಹಾಕಬಹುದಾ ಸಾರ್? ಹಾಕಬಹುದು, ಆದರೆ ಅಳತೆ ಇದೆ. ಒಳಗೆ ದ್ರವ ಇರುವ ಇಂಥ ಉರುಟು ಕಂಡೆನ್ಸರಿಗೆ ಎಲೆಕ್ಟ್ರೊಲಿಟಿಕ್ ಅನ್ನುತ್ತಾರೆ. ಎಲೆಕ್ಟ್ರೊಲಿಟಿಕ್‌ನಲ್ಲಿ ಮೇಲೆ ಬರೆದ ಮೈಕ್ರೊಫ್ಯಾರಡಿಗೂ ನಿಜವಾಗಿ ಇರುವುದಕ್ಕೂ ಶೇಕಡಾ 20 ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹಾಗಾಗಿ 68ರ ಜಾಗಕ್ಕೆ 82 ತೊಂದರೆಯಿಲ್ಲ. 220 ಹಾಕಿದರೆ ಸ್ವಿಚ್ ಒತ್ತಿದ ಕ್ಷಣ ಅದು ತುಂಬಿಕೊಳ್ಳಲು ಎಳೆಯುವ ಕರೆಂಟಿಗೆ ಬ್ರಿಡ್ಜ್ ಡಯೋಡು ಹೋಗಬಹುದು. ವೋಲ್ಟೇಜಿನ ವಿಷಯದಲ್ಲಿ ಮೇಲಕ್ಕೆ ಹೋಗಲು ಅಡ್ಡಿ ಜಾಗದ್ದು ಮಾತ್ರ. ಮುಚ್ಚಳ ಹಾಕಿದಾಗ ತಲೆ ತಾಗಬಾರದು, ಕಾಲುಗಳ ಅಂತರ ಕೂಡಬೇಕು. 10 ಮಿಲಿಮೀಟರ್ ದಪ್ಪದ್ದಕ್ಕೆ 5 ಮಿಲಿಮೀಟರ್ ಅಂತರ, 8ರದ್ದಕ್ಕೆ 3.5. ಸ್ಕೇಲು ಹಿಡಿದೇ ಕೊಳ್ಳಲು ಹೋಗಿ.

ಈಗ ನನಗೆ ಬಹಳ ಇಷ್ಟವಾದ ಜಾಗ. ದೊಡ್ಡ ಕಂಡೆನ್ಸರಿನ ಪಕ್ಕ, ಪಿಡಬ್ಲ್ಯುಎಂ ಐಸಿಯ (ಪವರ್ ಬೋರ್ಡನ್ನು ನಡೆಸುವ ಚಿಪ್ಪು) ಹತ್ತಿರ, ಹೆಚ್ಚಿನ ಸಲ ಹೀಟ್‌ಸಿಂಕಿಗೆ ಅಂಟಿಕೊಂಡೇ, ಬೆರಳಿನ ಉಗುರಿನಷ್ಟು ಒಂದು ಪುಟಾಣಿ ಇರುತ್ತದೆ. 22 ಮೈಕ್ರೊಫ್ಯಾರಡ್ 50 ವೋಲ್ಟ್ ಅಥವಾ 47. ಐಸಿ ಎಚ್ಚರವಾಗಲು ಬೇಕಾದ ಕರೆಂಟು ಕೊಡುವುದು ಇದೇ. ಇದು ಕೆಟ್ಟರೆ ತಲೆ ಉಬ್ಬುವುದಿಲ್ಲ, ಸೋರುವುದಿಲ್ಲ, ಹೊಸದರ ಹಾಗೆ ಮಿಂಚುತ್ತಾ ನಿಂತಿರುತ್ತದೆ. ಒಳಗಿನ ದ್ರವ ಮಾತ್ರ ಹೀಟ್‌ಸಿಂಕಿನ ಶಾಖಕ್ಕೆ ಒಣಗಿ ಹೋಗಿರುತ್ತದೆ. ಗಿರಾಕಿ ಹೇಳುವ ಲಕ್ಷಣ ಕೇಳಿ: ‘ಆಫ್ ಮಾಡದೆ ಇದ್ದರೆ ಓಡುತ್ತೆ ಅಣ್ಣ, ರಾತ್ರಿ ಕರೆಂಟು ಹೋಗಿ ಬಂದರೆ ಬೆಳಗ್ಗೆ ಆನ್ ಆಗಲ್ಲ, ಟಿಕ್ ಟಿಕ್ ಅನ್ನುತ್ತೆ.’ ಡಿಸೆಂಬರಿನ ಚಳಿಯಲ್ಲಿ ಇಂಥ ಸೆಟ್‌ಟಾಪ್ ಬಾಕ್ಸುಗಳು ಸಾಲಾಗಿ ಬರುತ್ತವೆ. ತಣ್ಣಗಿದ್ದಾಗ ಒಳಗಿನ ತಡೆ ಇನ್ನೂ ಜಾಸ್ತಿಯಾಗುತ್ತದೆ. ಹೇರ್ ಡ್ರೈಯರಿನಲ್ಲಿ ಆ ಪುಟಾಣಿಗೆ ಸ್ವಲ್ಪ ಬಿಸಿ ಗಾಳಿ ಹಿಡಿಯಿರಿ. ಬಾಕ್ಸ್ ಎದ್ದರೆ ಕಳ್ಳ ಸಿಕ್ಕಿದ ಹಾಗೆ.

ಅದನ್ನು ಬಿಚ್ಚಿ ಮಾಮೂಲಿ ಕೆಪಾಸಿಟೆನ್ಸ್ ಮೀಟರಿಗೆ ಇಟ್ಟರೆ 18, 19 ತೋರಿಸಬಹುದು. ‘ಸರಿಯಾಗೇ ಇದೆಯಲ್ಲ’ ಅಂತ ವಾಪಸ್ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೋಸ ಇರುವುದು ಇಎಸ್‌ಆರ್‌ನಲ್ಲಿ, ಅಂದರೆ ಕಂಡೆನ್ಸರಿನ ಒಳಗೇ ಇರುವ ರೆಸಿಸ್ಟೆನ್ಸಿನಲ್ಲಿ. ಕೆರೆ ತುಂಬಾ ನೀರಿದ್ದರೂ ತೂಬಿನಲ್ಲಿ ಹೂಳು ಕಟ್ಟಿದರೆ ಗದ್ದೆಗೆ ನೀರು ಬಾರದಲ್ಲ, ಅದೇ ಕಥೆ. ಹೊಸದರಲ್ಲಿ ಓಮ್ ಒಂದರ ಆಸುಪಾಸಿನಲ್ಲಿ ಇರಬೇಕಾದದ್ದು ಹತ್ತಿಪ್ಪತ್ತು ಓಮ್ ಆಗಿರುತ್ತದೆ. ಇಎಸ್‌ಆರ್ ತೋರಿಸುವ ಕಾಂಪೊನೆಂಟ್ ಟೆಸ್ಟರ್ ಈಗ ಅಗ್ಗ. ಅಂಗಡಿ ಇಟ್ಟವರು ಅದಿಲ್ಲದೆ ಕೆಲಸ ಮಾಡಬಾರದು ಅಂತಲೇ ನಾನು ಹೇಳುತ್ತೇನೆ. ತುಂಬಿದ ಕಂಡೆನ್ಸರ್ ಮಾತ್ರ ಅದಕ್ಕೆ ಸಿಕ್ಕಿಸಬೇಡಿ, ಟೆಸ್ಟರೇ ಹೋಗುತ್ತದೆ. ಈ ಜಾಗಕ್ಕೆ ಹಾಕುವಾಗ 105 ಡಿಗ್ರಿಯದು, ಅದರಲ್ಲೂ 5000 ಗಂಟೆ ಮೇಲ್ಪಟ್ಟ ಬಾಳಿಕೆಯದು ಆರಿಸಿ. ಕಾಲು ಸ್ವಲ್ಪ ಬಗ್ಗಿಸಿ ಹೀಟ್‌ಸಿಂಕಿನಿಂದ ದೂರ ವಾಲಿಸಿ.

ಗಂಟೆಯ ಮಾತು ಬಂತಲ್ಲ, ಅದರ ಲೆಕ್ಕ ಮಾಡೋಣ. ಡೇಟಾಶೀಟಿನಲ್ಲಿ ‘105 ಡಿಗ್ರಿಯಲ್ಲಿ 2000 ಗಂಟೆ’ ಅಂತ ಇದ್ದರೆ ಬರೀ 83 ದಿನ ಅಂತ ಹೆದರಬೇಡಿ. ಶಾಖ 10 ಡಿಗ್ರಿ ಇಳಿದಂತೆಲ್ಲ ಬಾಳಿಕೆ ಸುಮಾರು ಎರಡರಷ್ಟು ಆಗುತ್ತದೆ. ಸೆಟ್‌ಟಾಪ್ ಬಾಕ್ಸಿನ ಒಳಗೆ 65 ಡಿಗ್ರಿ ಅಂದುಕೊಳ್ಳಿ. 105ರಿಂದ 65ಕ್ಕೆ ನಾಲ್ಕು ಮೆಟ್ಟಿಲು, ಅಂದರೆ 16 ಪಟ್ಟು, 32,000 ಗಂಟೆ. ಹಗಲು ರಾತ್ರಿ ಓಡಿದರೂ ಮೂರೂವರೆ ವರ್ಷ ದಾಟುತ್ತದೆ. ಈಗ ಅದೇ ಜಾಗಕ್ಕೆ 85 ಡಿಗ್ರಿ, 2000 ಗಂಟೆಯದನ್ನು ಹಾಕಿ. ಎರಡೇ ಮೆಟ್ಟಿಲು, 8000 ಗಂಟೆ. 11 ತಿಂಗಳು. ನಮ್ಮಲ್ಲಿ ರಿಮೋಟಿನಲ್ಲಿ ಆಫ್ ಮಾಡುವವರೇ ಹೊರತು ಗೋಡೆಯ ಸ್ವಿಚ್ ಮುಟ್ಟುವವರು ಎಷ್ಟು ಜನ? ಬೆಲೆಯಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ, ಬಾಳಿಕೆಯಲ್ಲಿ ನಾಲ್ಕು ಪಟ್ಟು.

ಟ್ರಾನ್ಸ್‌ಫಾರ್ಮರ್ ದಾಟಿ ಔಟ್‌ಪುಟ್ ಕಡೆಗೆ ಬಂದೆವು. ಮೊದಲು ತೋರಿಸಿದ ಆ ಎರಡು 1000/16 ಇಲ್ಲಿಗೆ ಸೇರಿದವು. ಈ ಜಾಗದಲ್ಲಿ ಸೆಕೆಂಡಿಗೆ ಲಕ್ಷದ ಹತ್ತಿರ ಸಲ ಕರೆಂಟು ಒಳಗೆ ಹೊರಗೆ ಓಡಾಡುತ್ತದೆ. ಒಳ್ಳೆಯ ಲೋ ಇಎಸ್‌ಆರ್ ಬಗೆಯದರಲ್ಲಿ ತಡೆ ಸುಮಾರು 30 ಮಿಲಿಓಮ್. ಮಾಮೂಲಿಯದರಲ್ಲಿ ಅದರ ನಾಲ್ಕು ಪಟ್ಟು, 120 ಅಂದುಕೊಳ್ಳಿ. ಈ ಓಡಾಟದ ಕರೆಂಟು, ಅಂದರೆ ರಿಪಲ್, 1.5 ಆಂಪಿಯರ್ ಹರಿದರೆ ಮೊದಲನೆಯದು 0.07 ವಾಟ್ ಬಿಸಿಯಾಗುತ್ತದೆ, ಎರಡನೆಯದು 0.27 ವಾಟ್. ಕಾಲು ವಾಟ್ ಏನು ಮಹಾ ಅನ್ನಬೇಡಿ, ಅಷ್ಟು ಚಿಕ್ಕ ಡಬ್ಬಿಯ ಹೊಟ್ಟೆಯೊಳಗೆ ಅದು ಬೇಕಾದಷ್ಟು. ಬಿಸಿಯಾದರೆ ದ್ರವ ಒಣಗುತ್ತದೆ, ಒಣಗಿದರೆ ತಡೆ ಏರುತ್ತದೆ, ತಡೆ ಏರಿದರೆ ಇನ್ನೂ ಬಿಸಿ. ಕೊನೆಗೆ ತಲೆ ಉಬ್ಬುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಸರಣಿಯ ಹೆಸರು. ಪ್ಯಾನಸೋನಿಕ್ ಎಫ್‌ಆರ್, ರುಬಿಕಾನ್ ಝಡ್‌ಎಲ್‌ಎಚ್, ನಿಚಿಕಾನ್ ಎಚ್‌ಇ, ಇವೆಲ್ಲ ಈ ಕೆಲಸಕ್ಕೇ ಮಾಡಿದವು. ಸಿಗದಿದ್ದರೆ 16ರ ಬದಲು 25 ವೋಲ್ಟಿನ ಲೋ ಇಎಸ್‌ಆರ್ ಹಾಕಿ. ಡಬ್ಬಿ ದೊಡ್ಡದಾದಷ್ಟೂ ತಡೆ ಸಾಮಾನ್ಯವಾಗಿ ಕಮ್ಮಿಯೇ.

ಹಾಗಾದರೆ ಎಲ್ಲಾ ಕಡೆಯೂ ಇಎಸ್‌ಆರ್ ಕಮ್ಮಿ ಇದ್ದಷ್ಟೂ ಒಳ್ಳೆಯದಾ? ಅಲ್ಲ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ 1117 ಥರದ ಹಳೆಯ ರೆಗ್ಯುಲೇಟರ್ ಐಸಿಗಳ ಔಟ್‌ಪುಟ್ಟಿನಲ್ಲಿ ಸ್ವಲ್ಪ ತಡೆ ಇರಲೇಬೇಕು, ಡೇಟಾಶೀಟಿನಲ್ಲೇ ಹಾಗಂತ ಇರುತ್ತದೆ. ಅಲ್ಲಿದ್ದ ಟ್ಯಾಂಟಲಮ್ ಕಂಡೆನ್ಸರ್ ತೆಗೆದು ಸಿರಾಮಿಕ್ ಹಾಕಿದರೆ ರೆಗ್ಯುಲೇಟರ್ ಆಸಿಲೇಟ್ ಆಗಲು, ಅಂದರೆ ಅದರ ವೋಲ್ಟೇಜ್ ನಿಲ್ಲದೆ ತೂಗಾಡಲು, ಶುರುವಾಗಬಹುದು. ಟ್ಯಾಂಟಲಮ್ ಅಂದಾಗ ಇನ್ನೊಂದು: ಎಲೆಕ್ಟ್ರೊಲಿಟಿಕ್ ಮೇಲಿನ ಪಟ್ಟೆ ಮೈನಸ್ ಕಡೆ, ಚಿಪ್ ಟ್ಯಾಂಟಲಮ್ ಮೇಲಿನ ಪಟ್ಟೆ ಪ್ಲಸ್ ಕಡೆ. ಉಲ್ಟಾ ಹಾಕಿದರೆ ಬೆಂಕಿಯೇ.

ಪವರ್ ಬೋರ್ಡಿನ ‘ಬಿಸಿ’ ಭಾಗಕ್ಕೂ (ಮೇನ್ಸ್ ತಾಗಿರುವ ಕಡೆ) ‘ತಣ್ಣನೆ’ ಭಾಗಕ್ಕೂ (ಟ್ರಾನ್ಸ್‌ಫಾರ್ಮರ್ ದಾಟಿದ ಔಟ್‌ಪುಟ್ ಕಡೆ) ನಡುವೆ ಸೇತುವೆ ಕಟ್ಟಿ ಕೂತಿರುವ ಈ ನೀಲಿ ಬಿಲ್ಲೆಯನ್ನು ನೋಡಿ. ‘ವೈ1’ ಅಂತ ಬರೆದಿದೆ, 222 ಅಂತಲೂ ಇದೆ, ಅಂದರೆ 2.2 ನ್ಯಾನೊಫ್ಯಾರಡ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ನೋಡಲು ಇದರ ಥರವೇ ಇರುವ 222, 1 ಕಿಲೊವೋಲ್ಟಿನ ಸಾದಾ ಸಿರಾಮಿಕ್ ಬಿಲ್ಲೆ ಎಲ್ಲರ ಡಬ್ಬದಲ್ಲೂ ಇದೆ. ಅದನ್ನು ಹಾಕಿದರೂ ಟಿವಿ ಓಡುತ್ತದೆ. ಒಂದು ದಿನ ಅದು ಶಾರ್ಟ್ ಆದರೆ ಮೇನ್ಸ್ ನೇರವಾಗಿ ಟಿವಿಯ ಹಿಂದಿನ ಕೇಬಲ್ ಸಾಕೆಟ್ಟಿನ ಲೋಹಕ್ಕೆ ಬರುತ್ತದೆ. ಕೇಬಲ್ ಸಿಕ್ಕಿಸಲು ಕೈ ಹಾಕಿದವರ ಗತಿ? ವೈ1 ಬಿಲ್ಲೆ 8000 ವೋಲ್ಟಿನ ಪಲ್ಸ್ ತಡೆದು ಪಾಸಾಗಿರುತ್ತದೆ, ಶಾರ್ಟ್ ಆಗದ ಹಾಗೆ ಕಟ್ಟಿರುತ್ತಾರೆ. ಇನ್ನು ಕೆಲವರು ‘ಮುಟ್ಟಿದರೆ ಜುಮ್ ಅನ್ನುತ್ತೆ’ ಅಂತ ಗಿರಾಕಿ ದೂರಿದ್ದಕ್ಕೆ ಈ ಬಿಲ್ಲೆಯನ್ನೇ ಕತ್ತರಿಸಿ ಬಿಸಾಕುತ್ತಾರೆ. ಆ ಜುಮ್ಮಿನ ಕರೆಂಟು ಹೆಚ್ಚೆಂದರೆ 0.16 ಮಿಲಿಆಂಪಿಯರ್, ಬಿಲ್ಲೆ ಸರಿಯಾಗಿದ್ದರೆ ಅಪಾಯವಿಲ್ಲ. ಕತ್ತರಿಸಿದರೆ ಪರದೆ ಮೇಲೆ ಗೆರೆ, ರೇಡಿಯೊದಲ್ಲಿ ಗೊರಗೊರ. ಮೂರು ಪಿನ್ನಿನ ಸೆಟ್ಟಾದರೆ ಮನೆಯ ಅರ್ಥಿಂಗ್ ನೋಡಿಸಿ ಅಂತ ಹೇಳಿ ಕಳಿಸಿ.

ಬೋರ್ಡಿನ ಮೇಲೆ ಅಂಟಿದಂತೆ ಕೂತ ಚೂರುಗಳಿವೆಯಲ್ಲ, ಆ ಚಿಪ್ ಸಿರಾಮಿಕ್ ಕಂಡೆನ್ಸರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೇಲೆ ಏನೂ ಬರೆದಿರುವುದಿಲ್ಲ, ಹಾಗಾಗಿ ಅದೇ ಮಾದರಿಯ ಕೆಟ್ಟ ಬೋರ್ಡೊಂದನ್ನು ಎಸೆಯದೆ ಇಟ್ಟುಕೊಳ್ಳಿ, ಅದರಿಂದ ತೆಗೆದು ಹಾಕುವುದೇ ಸುಲಭ. ಹೊಸದು ಕೊಳ್ಳುವುದಾದರೆ ಎಕ್ಸ್7ಆರ್ ಕೇಳಿ, ವೈ5ವಿ ಬೇಡ. ವೈ5ವಿ ಅನ್ನುವುದು ಶಾಖ ಬದಲಾದರೆ ಶೇಕಡಾ 82ರವರೆಗೂ ಇಳಿಯಬಲ್ಲ ಜಾತಿ. ಎಕ್ಸ್7ಆರ್ ಕೂಡ ಡಿಸಿ ವೋಲ್ಟೇಜ್ ಬಿದ್ದಾಗ ಇಳಿಯುತ್ತದೆ, ಅದಕ್ಕೇ ವೋಲ್ಟೇಜ್ ಒಂದು ಮೆಟ್ಟಿಲು ಮೇಲಿನದು, ಸೈಜು ಹಳೆಯದಕ್ಕಿಂತ ಚಿಕ್ಕದಲ್ಲದ್ದು.

ಇಂಡಕ್ಷನ್ ಒಲೆ. ಇದರ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ. ಕಾಯಿಲಿನ ಪಕ್ಕ 0.27 ಅಥವಾ 0.3 ಮೈಕ್ರೊಫ್ಯಾರಡ್, 1200 ವೋಲ್ಟಿನ ಡಬ್ಬಿ ಇರುತ್ತದೆ. ಇದೂ ಕಾಯಿಲೂ ಸೇರಿ ಒಲೆಯ ಫ್ರೀಕ್ವೆನ್ಸಿ ತೀರ್ಮಾನ ಮಾಡುತ್ತವೆ. ‘ಹತ್ತಿರ ಹತ್ತಿರ ಸಾಕು’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮೈಕ್ರೊಫ್ಯಾರಡ್ ಬದಲಾದರೆ ಐಜಿಬಿಟಿ, ಅಂದರೆ ಕಾಯಿಲಿನ ಕರೆಂಟನ್ನು ಆನ್–ಆಫ್ ಮಾಡುವ ಟ್ರಾನ್ಸಿಸ್ಟರ್, ಹೋಗುತ್ತದೆ, ಹೊಸದು ಹಾಕಿದರೆ ಅದೂ ಹೋಗುತ್ತದೆ. ಇನ್ನೂ ಒಂದು, ಅದು ಪಾಲಿಪ್ರೊಪಿಲೀನ್ ಆಗಿರಬೇಕು. ಅದೇ ಅಂಕಿಯ ಪಾಲಿಯೆಸ್ಟರ್ ಹಾಕಿದರೆ ಒಳಗೇ ಬಿಸಿಯಾಗಿ ಒಡೆಯುತ್ತದೆ. ಐಜಿಬಿಟಿ ಸುಟ್ಟ ಒಲೆ ಬಂದಾಗಲೆಲ್ಲ ಈ ಡಬ್ಬಿಯನ್ನು ಅಳೆಯದೆ ಕರೆಂಟು ಕೊಡಬೇಡಿ.

ಬೋರ್‌ವೆಲ್ ಪ್ಯಾನೆಲ್ಲು ಇವತ್ತಿನ ವಿಷಯ ಅಲ್ಲ. ಆದರೂ ಒಂದು ಮಾತು: ಸ್ಟಾರ್ಟ್ ಕಂಡೆನ್ಸರ್ ಕೆಲವೇ ಸೆಕೆಂಡ್ ಕೆಲಸ ಮಾಡಲು ಮಾಡಿದ್ದು, ರನ್ ಕಂಡೆನ್ಸರ್ ಇಡೀ ದಿನಕ್ಕೆ. ಮೈಕ್ರೊಫ್ಯಾರಡ್ ಹೊಂದಿತು ಅಂತ ರನ್ ಜಾಗಕ್ಕೆ ಸ್ಟಾರ್ಟಿನದು ಹಾಕಿದರೆ ಪ್ಯಾನೆಲ್ಲಿನೊಳಗೆ ಸಿಡಿಯುತ್ತದೆ.

ಕೊಳ್ಳುವ ವಿಷಯ. ನಮ್ಮಲ್ಲಿ ಹೆಚ್ಚಿನವರು ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗುತ್ತೇವೆ. ಅಲ್ಲಿ ಅಸಲಿಯೂ ಸಿಗುತ್ತದೆ, ಹಳೆಯದಕ್ಕೆ ಹೊಸ ಅಂಗಿ ತೊಡಿಸಿದ್ದೂ ಸಿಗುತ್ತದೆ. ದೊಡ್ಡ ಡಬ್ಬಿಯೊಳಗೆ ಚಿಕ್ಕದನ್ನು ತುರುಕಿ ಮಾರುವುದೂ ಉಂಟು, ಕೈಯಲ್ಲಿ ಹಿಡಿದರೆ ತೂಕವೇ ಇರುವುದಿಲ್ಲ. ಟೆಸ್ಟರ್ ಜೇಬಿನಲ್ಲೇ ಇರಲಿ. ಅಂಗಡಿಯವರ ಮುಂದೆಯೇ ಎರಡು ಮೂರು ಅಳೆದು ನೋಡಿ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜಪಾನಿನದೇ ಬೇಕು ಅಂತಲೂ ಇಲ್ಲ. ಪಕ್ಕದ ಕೇರಳದ ಕಣ್ಣೂರಿನಲ್ಲಿ ಸರ್ಕಾರಿ ಕೆಲ್ಟ್ರಾನ್ ಘಟಕ ಎಲೆಕ್ಟ್ರೊಲಿಟಿಕ್ ತಯಾರಿಸುತ್ತದೆ. ಬೇಕಾದದ್ದು ಡೇಟಾಶೀಟು. ಯಾವ ಸರಣಿ, ಎಷ್ಟು ರಿಪಲ್, ಎಷ್ಟು ಗಂಟೆ ಅಂತ ಓದಲು ಸಿಗದ ಮಾಲನ್ನು ಔಟ್‌ಪುಟ್ ಜಾಗಕ್ಕೆ ಹಾಕಬೇಡಿ. ಕಮ್ಮಿ ಬೆಲೆಗೆ ಸಿಕ್ಕಿತು ಅಂತ ನೂರಾರು ಕೊಂಡು ವರ್ಷಗಟ್ಟಲೆ ಡ್ರಾಯರಿನಲ್ಲಿ ಇಡುವುದೂ ಬೇಡ, ಸುಮ್ಮನೆ ಇಟ್ಟರೂ ಲೀಕೇಜ್, ಅಂದರೆ ಒಳಗೇ ಸೋರಿ ಹೋಗುವ ಕರೆಂಟು, ಏರುತ್ತದೆ.

ಬೆಸುಗೆ ಹಾಕುವ ಮೊದಲು ಹಳೆಯದರ ಬುಡ ನೋಡಿ. ಸೋರಿದ್ದರೆ ಮೀನಿನ ವಾಸನೆ ಬರುತ್ತದೆ, ಟ್ರ್ಯಾಕ್ ಕಪ್ಪಾಗಿರುತ್ತದೆ. ಐಸೊಪ್ರೊಪೈಲ್ ಹಾಕಿ ಬ್ರಷ್ಷಿನಲ್ಲಿ ಉಜ್ಜದೆ ಹೊಸದನ್ನು ಕೂರಿಸಿದರೆ ಆ ದ್ರವ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಕಂಪನಿಯವರು ಹಾಕಿದ ಕಂದು ಅಂಟನ್ನೂ ಕೆರೆದು ತೆಗೆಯಿರಿ, ಹಳೆಯದಾದಂತೆ ಅದರಲ್ಲೂ ಕರೆಂಟು ಹರಿಯಲು ಶುರುವಾಗುತ್ತದೆ. ಆಮೇಲೆ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ, ನಡುವೆ ಒಂದು ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ಕರೆಂಟು ಕೊಡಿ. ಬಲ್ಬು ಒಮ್ಮೆ ಹೊತ್ತಿ ಮಂದವಾದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಕೊನೆಯಲ್ಲಿ ಬಂದ ಪ್ರಶ್ನೆ: ಬಿಚ್ಚಿದ್ದೇ ಬಿಚ್ಚಿದೆವು, ಎಲ್ಲವನ್ನೂ ಬದಲಾಯಿಸಿಬಿಡಬಹುದಾ? ನಾನು ಮಾಡುವುದಿಲ್ಲ. ಕಂಪನಿ ಹಾಕಿದ ಒಳ್ಳೆಯ ಮಾಲನ್ನು ಕಿತ್ತು ಅದಕ್ಕಿಂತ ಕಡಿಮೆಯದನ್ನು ಹಾಕಿದ ಬೋರ್ಡುಗಳನ್ನು ನೋಡಿ ಸಾಕಾಗಿದೆ. ಔಟ್‌ಪುಟ್ಟಿನಲ್ಲಿ ಮೂರು ಅಕ್ಕಪಕ್ಕ ಕೂತಿದ್ದು ಒಂದು ಉಬ್ಬಿದ್ದರೆ ಮೂರನ್ನೂ ಬದಲಾಯಿಸಿ, ಅವು ಒಂದೇ ಬಿಸಿ ತಿಂದವು. ಅಲ್ಲದೆ ಪ್ಯಾರಲಲ್ ಇರುವುದನ್ನು ಬೋರ್ಡಿನ ಮೇಲೆಯೇ ಅಳೆದರೆ ಒಳ್ಳೆಯದರ ಮರೆಯಲ್ಲಿ ಕೆಟ್ಟದ್ದು ಅಡಗಿಕೊಳ್ಳುತ್ತದೆ. ಹೀಟ್‌ಸಿಂಕಿನ ಪಕ್ಕದ ಪುಟಾಣಿಯನ್ನು ಐದು ವರ್ಷ ದಾಟಿದ ಬೋರ್ಡಿನಲ್ಲಿ ಕೇಳದೆಯೇ ಬದಲಾಯಿಸಿ. ಉಳಿದ ಎಲೆಕ್ಟ್ರೊಲಿಟಿಕ್ ಅಳೆದು ನೋಡಿ, ಸರಿಯಿದ್ದರೆ ಬಿಡಿ. ಹಳದಿ ಡಬ್ಬಿ, ನೀಲಿ ಬಿಲ್ಲೆ ಒಡೆದಿಲ್ಲ, ಅಳತೆಯೂ ಸರಿಯಿದೆ ಅಂದರೆ ಅವುಗಳ ತಂಟೆಗೆ ಹೋಗಬೇಡಿ.